ಗಾಲಿ ಹಲಗೆಯ ಹುಡುಗರು ಕಟ್ಟಿದ ಚಿತ್ರಶಾಲೆ

ಕಲೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅರಮನೆ, ಆರಾಧನಾಲಯ, ಮ್ಯೂಸಿಯಂಗಳಿಂದ ಆರಂಭಿಸುತ್ತಾರೆ. ಬಾಡಿಗೆಗೆ ಹಿಡಿದ ಒಂದು ಅಂಗಡಿ ಕೋಣೆಯಿಂದ ಆರಂಭಿಸುವವರು ಕಡಿಮೆ. ಆದರೆ ಅಮೆರಿಕದ ಬೀದಿಗಳಿಂದ ಹೊರಟು ಇಂದು ಜಗತ್ತಿನ ದೊಡ್ಡ ನಗರಗಳ ಗೋಡೆ, ಅಂಗಿ, ಜಾಹೀರಾತುಗಳ ಮೇಲೆ ಬಂದು ಕುಳಿತಿರುವ ಒಂದು ಬಗೆಯ ಚಿತ್ರಗಾರಿಕೆಯ ಬೇರು ಹುಡುಕುತ್ತಾ ಹೋದರೆ ನಾವು ತಲುಪುವ ಜಾಗಗಳಲ್ಲಿ ಅಂತಹ ಒಂದು ಕೋಣೆಯೂ ಇದೆ. ನ್ಯೂಯಾರ್ಕ್ ನಗರದ ಲಡ್ಲೋ ಬೀದಿಯಲ್ಲಿ 1992ರಲ್ಲಿ ಬಾಗಿಲು ತೆರೆದು 2002ರಲ್ಲಿ ಮುಚ್ಚಿಹೋದ ಆ ಗ್ಯಾಲರಿಯ ಹೆಸರು ‘ಅಲೆಜ್ಡ್’. ನಮ್ಮ ಪತ್ರಿಕೆಗಳ ಕನ್ನಡದಲ್ಲಿ ಹೇಳುವುದಾದರೆ ‘ಎನ್ನಲಾದ’. ಕಳವು ಮಾಡಿದನೆನ್ನಲಾದ ಆರೋಪಿ ಎಂದು ಬರೆಯುವಾಗ ವರದಿಗಾರ ಬಳಸುತ್ತಾನಲ್ಲ, ಅದೇ ಮಾತು. ಗ್ಯಾಲರಿ ಎನ್ನಲಾದ ಒಂದು ಜಾಗ! ಹೆಸರಿನಲ್ಲಿ ತುಂಟತನವಿತ್ತು, ಜೊತೆಗೊಂದು ಪ್ರಶ್ನೆಯೂ ಇತ್ತು. ಯಾವುದು ಕಲೆ, ಯಾವುದು ಅಲ್ಲ ಎಂದು ತೀರ್ಪು ಕೊಡುವ ಅಧಿಕಾರ ಯಾರ ಕೈಯಲ್ಲಿದೆ?

ಆ ಗ್ಯಾಲರಿಯ ಗೋಡೆಗಳನ್ನು ತುಂಬಿದವರಲ್ಲಿ ಹಲವರು ಸ್ಕೇಟ್‌ಬೋರ್ಡ್ ಆಡುವ ಹುಡುಗರು. ಎರಡೂವರೆ ಅಡಿ ಉದ್ದದ, ಎಂಟು ಇಂಚು ಅಗಲದ ಒಂದು ಮರದ ಹಲಗೆಗೆ ನಾಲ್ಕು ಪುಟ್ಟ ಗಾಲಿ. ಅದರ ಮೇಲೆ ನಿಂತು, ಒಂದು ಕಾಲಲ್ಲಿ ನೆಲ ಒದೆಯುತ್ತಾ ಸಾಗುವುದು. ಈ ಆಟಕ್ಕೂ ಚಿತ್ರಕಲೆಗೂ ಏನು ಸಂಬಂಧ ಎಂದು ಯಾರಿಗಾದರೂ ಅನ್ನಿಸಬಹುದು. ಆ ಸಂಬಂಧ ತಿಳಿಯಬೇಕಾದರೆ ಹಲಗೆಯ ಚರಿತ್ರೆಯಿಂದಲೇ ಹೊರಡಬೇಕು.

ಬರದಲ್ಲಿ ಬೆಳೆದ ಆಟ

ಕ್ಯಾಲಿಫೋರ್ನಿಯಾದ ಕಡಲ ತೀರದಲ್ಲಿ ಅಲೆಗಳ ಮೇಲೆ ಹಲಗೆ ಓಡಿಸುವವರು ಅಲೆ ಇಲ್ಲದ ದಿನಗಳಲ್ಲಿ ರಸ್ತೆಯ ಮೇಲೆ ಅದೇ ಆಟ ಆಡಲು ಹೊರಟದ್ದು 1950ರ ದಶಕದಲ್ಲಿ. ಆಗ ಗಾಲಿಗಳು ಲೋಹದವು, ನಂತರ ಜೇಡಿಮಣ್ಣಿನ ಮಿಶ್ರಣದವು. ಸಣ್ಣ ಕಲ್ಲು ಸಿಕ್ಕರೂ ಗಾಲಿ ಗಕ್ಕನೆ ನಿಂತು ಸವಾರ ನೆಲಕ್ಕೆ ಬೀಳುತ್ತಿದ್ದ. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನ್ಯಾಸ್‌ವರ್ದಿ ಎಂಬ ಯುವಕ ಪಾಲಿಯುರೆಥೇನ್ ಗಾಲಿಗಳನ್ನು ತಂದ. ನೆಲವನ್ನು ಹಿಡಿದುಕೊಂಡು ಸದ್ದಿಲ್ಲದೆ ಉರುಳುವ ಈ ಗಾಲಿ ಆಟದ ಸ್ವರೂಪವನ್ನೇ ಬದಲಿಸಿತು.

ಮುಂದಿನ ತಿರುವು ಕೊಟ್ಟದ್ದು ಪ್ರಕೃತಿ. 1976-77ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಭೀಕರ ಬರ ಬಂತು. ಸಿರಿವಂತರ ಹಿತ್ತಿಲಿನ ಈಜುಕೊಳಗಳು ಖಾಲಿಯಾದವು. ಸಾಂಟಾ ಮೋನಿಕಾ ಮತ್ತು ವೆನಿಸ್‌ನ ಬಡ ಬಡಾವಣೆಗಳ ಹುಡುಗರು ಬೇಲಿ ಹಾರಿ, ಬಟ್ಟಲಿನಂತೆ ಬಾಗಿದ ಆ ಕೊಳಗಳ ಗೋಡೆಯ ಮೇಲೆ ಹಲಗೆ ಓಡಿಸಿದರು. ಉಳ್ಳವರ ವಿಲಾಸ ಬತ್ತಿದ ಜಾಗದಲ್ಲಿ ಇಲ್ಲದವರ ಆಟ ಹುಟ್ಟಿದ್ದು ಹೀಗೆ. ಅದೇ ದಶಕದಲ್ಲಿ ಊರೂರಲ್ಲಿ ಹಣ ಕೊಟ್ಟು ಆಡುವ ಸ್ಕೇಟ್ ಪಾರ್ಕುಗಳೂ ಎದ್ದವು. ಆದರೆ ಬಿದ್ದು ಗಾಯಗೊಂಡವರು ಹೂಡುವ ದಾವೆಗಳ ಭಯ, ಅದರಿಂದ ಏರಿದ ವಿಮೆಯ ಕಂತು ಇವುಗಳ ಹೊರೆ ತಾಳಲಾರದೆ ದಶಕದ ಕೊನೆಗೆ ಹೆಚ್ಚಿನವು ಮುಚ್ಚಿದವು.

ಪಾರ್ಕು ಮುಚ್ಚಿದರೆ ಆಟ ಸಾಯಬೇಕಿತ್ತು. ಅದು ಬೀದಿಗೆ ಬಂತು. ಹಲಗೆಯನ್ನು ಕೈಯಲ್ಲಿ ಮುಟ್ಟದೆ, ಕಾಲಿನಲ್ಲೇ ಬಾಲ ಮೀಟಿ ನೆಗೆಯುವ ‘ಆಲಿ’ ಎಂಬ ಪಟ್ಟನ್ನು ಅಲನ್ ಗೆಲ್ಫಾಂಡ್ 1970ರ ದಶಕದ ಕೊನೆಯಲ್ಲಿ ಕಂಡುಕೊಂಡಿದ್ದ. ರಾಡ್ನಿ ಮುಲ್ಲೆನ್ ಅದನ್ನು ಸಪಾಟು ನೆಲಕ್ಕೆ ಅಳವಡಿಸಿದ. ಅಲ್ಲಿಂದ ಮುಂದೆ ನಗರದ ಮೆಟ್ಟಿಲು, ಕಟ್ಟೆ, ಕೈಪಿಡಿ ಸರಳು, ಬೆಂಚು ಎಲ್ಲವೂ ಆಟದ ಸಾಮಗ್ರಿಯಾದವು. ವಾಸ್ತುಶಿಲ್ಪಿ ಕುಳಿತುಕೊಳ್ಳಲೆಂದು ಮಾಡಿದ ಕಟ್ಟೆ ಈ ಹುಡುಗರ ಕಣ್ಣಿಗೆ ಜಾರುವ ಅಂಚಾಗಿ ಕಂಡಿತು. ಇದ್ದುದನ್ನು ಬೇರೊಂದಾಗಿ ನೋಡುವ ಈ ಅಭ್ಯಾಸವೇ ಮುಂದೆ ಅವರಲ್ಲಿ ಹಲವರನ್ನು ಕಲಾವಿದರನ್ನಾಗಿ ಮಾಡಿತು ಎಂದರೆ ತಪ್ಪಾಗಲಾರದು.

ಸವೆಯಲೆಂದೇ ಬರೆದ ಚಿತ್ರ

ಹಲಗೆ ಎಂದರೆ ಮೇಪಲ್ ಮರದ ಏಳು ತೆಳು ಪದರಗಳನ್ನು ಅಂಟು ಹಾಕಿ, ಅಚ್ಚಿನಲ್ಲಿ ಒತ್ತಿ ಬಾಗಿಸಿದ್ದು. ಮೇಲ್ಭಾಗಕ್ಕೆ ಕಾಲು ಜಾರದಂತೆ ಉಪ್ಪು ಕಾಗದದಂತಹ ಹಾಳೆ. ಚಿತ್ರಕ್ಕೆ ಉಳಿಯುವುದು ಅಡಿಭಾಗ ಮಾತ್ರ. 1970ರ ದಶಕದಲ್ಲಿ ‘ಡಾಗ್‌ಟೌನ್’ ತಂಡದ ವೆಸ್ ಹಂಪ್‌ಸ್ಟನ್ ಹಲಗೆಯ ಅಡಿಯಲ್ಲಿ ಕೈಯಾರೆ ಚಿತ್ರ ಬಿಡಿಸತೊಡಗಿದ. 1980ರ ದಶಕಕ್ಕೆ ಅದು ಒಂದು ಉದ್ಯಮವೇ ಆಯಿತು. ‘ಪೊವೆಲ್ ಪೆರಾಲ್ಟಾ’ ಕಂಪೆನಿಗೆ ವಿ. ಕೋರ್ಟ್‌ಲ್ಯಾಂಡ್ ಜಾನ್ಸನ್ ಬರೆದ ತಲೆಬುರುಡೆಗಳು, ‘ಸಾಂಟಾ ಕ್ರೂಝ್’ ಕಂಪೆನಿಗೆ ಜಿಮ್ ಫಿಲಿಪ್ಸ್ 1985ರಲ್ಲಿ ಬರೆದ ಕಿರುಚುವ ನೀಲಿ ಕೈ ಲಕ್ಷಾಂತರ ಹುಡುಗರ ಮನಸ್ಸಿನಲ್ಲಿ ಅಚ್ಚಾದವು. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಪರದೆ ಹಿಡಿದು ಕೈಯಿಂದ ಮುದ್ರಿಸುತ್ತಿದ್ದ ಕಾಲ ಅದು.

ಈ ಚಿತ್ರಗಳಿಗೆ ಒಂದು ವಿಚಿತ್ರ ಹಣೆಬರಹವಿತ್ತು. ಅಂಗಡಿಯಿಂದ ತಂದ ದಿನವೇ ಹುಡುಗ ಹಲಗೆಯನ್ನು ಕಟ್ಟೆಯ ಅಂಚಿಗೆ ಉಜ್ಜಿ ಜಾರುತ್ತಾನೆ. ಕೆಲವೇ ವಾರಗಳಲ್ಲಿ ಚಿತ್ರ ಗೀರು ಗೀರಾಗಿ, ಮರ ಬೆತ್ತಲಾಗುತ್ತದೆ. ಮ್ಯೂಸಿಯಂ ಒಂದು ಚಿತ್ರವನ್ನು ಬೆಳಕು, ತೇವ, ಬೆರಳುಗಳಿಂದ ಕಾಪಾಡುತ್ತದೆ. ಇಲ್ಲಿ ಚಿತ್ರ ಸವೆದಷ್ಟೂ ಅದರ ಒಡೆಯ ಚೆನ್ನಾಗಿ ಆಡಿದ್ದಾನೆ ಎಂದರ್ಥ. ಸಹಿ ಹಾಕದ, ಚೌಕಟ್ಟು ಕಾಣದ, ಕಲಾ ವಿಮರ್ಶಕರು ಕಣ್ಣೆತ್ತಿಯೂ ನೋಡದ ಈ ಚಿತ್ರಗಳೇ ಒಂದು ತಲೆಮಾರಿನ ಮೊದಲ ಚಿತ್ರಪಾಠವಾಗಿದ್ದವು.

ಲಡ್ಲೋ ಬೀದಿ

ಆರನ್ ರೋಸ್ ಲಾಸ್ ಏಂಜಲಿಸ್ ಕಡೆಯಿಂದ ನ್ಯೂಯಾರ್ಕಿಗೆ ಬಂದ ಯುವಕ. ಗ್ಯಾಲರಿ ತೆರೆದಾಗ ಇನ್ನೂ ಇಪ್ಪತ್ತರ ಹರೆಯ. ಕಲಾ ವ್ಯಾಪಾರದ ತರಬೇತಿ ಇರಲಿಲ್ಲ, ಹಣದ ಬಲವೂ ಇರಲಿಲ್ಲ. ಲೋವರ್ ಈಸ್ಟ್ ಸೈಡ್ ಎಂಬ ಆ ಪ್ರದೇಶ ನೂರು ವರ್ಷಗಳಿಂದ ವಲಸಿಗರ ನೆಲೆ. ಪೂರ್ವ ಯುರೋಪಿನ ಯಹೂದಿಗಳು, ಆಮೇಲೆ ಪೋರ್ಟೊರಿಕೊದವರು ಅಲ್ಲಿನ ಇಕ್ಕಟ್ಟಾದ ವಠಾರಗಳಲ್ಲಿ ಬದುಕು ಕಟ್ಟಿಕೊಂಡಿದ್ದರು. 1970-80ರ ದಶಕಗಳಲ್ಲಿ ಮಾದಕ ವಸ್ತುಗಳ ಹಾವಳಿ, ಪಾಳು ಬಿದ್ದ ಕಟ್ಟಡಗಳಿಂದಾಗಿ ಅದು ಕುಖ್ಯಾತವಾಗಿತ್ತು. ಅಲ್ಲಿಗೆ ಹತ್ತಿರದ ಟಾಂಪ್ಕಿನ್ಸ್ ಸ್ಕ್ವೇರ್ ಪಾರ್ಕಿನಲ್ಲಿ 1988ರ ಆಗಸ್ಟಿನಲ್ಲಿ ಪೊಲೀಸರಿಗೂ ಪ್ರತಿಭಟನಕಾರರಿಗೂ ನಡೆದ ಘರ್ಷಣೆ ದೇಶದಾದ್ಯಂತ ಸುದ್ದಿಯಾಗಿತ್ತು. ಸಭ್ಯರು ಬರಲು ಅಂಜುವ ಇಂತಹ ಕಡೆ ಬಾಡಿಗೆ ಅಗ್ಗ. ಬಡ ಕಲಾವಿದನಿಗೆ ಅಷ್ಟು ಸಾಕು.

ಈ ಬಗೆಯ ಸಾಹಸಕ್ಕೆ ಆ ಊರಿನಲ್ಲಿ ಪೂರ್ವ ನಿದರ್ಶನವೂ ಇತ್ತು. ಪಕ್ಕದ ಈಸ್ಟ್ ವಿಲೇಜಿನಲ್ಲಿ ಪ್ಯಾಟಿ ಆಸ್ಟರ್ ಎಂಬ ನಟಿ ಗೆಳೆಯನೊಬ್ಬನ ಜೊತೆ ಸೇರಿ 1981ರಲ್ಲಿ ‘ಫನ್ ಗ್ಯಾಲರಿ’ ತೆರೆದಿದ್ದಳು. ಗೋಡೆ, ರೈಲುಗಳ ಮೇಲೆ ಬರೆಯುತ್ತಿದ್ದ ಹುಡುಗರನ್ನು ಒಳಗೆ ಕರೆದ ಜಾಗ ಅದು. ಕೀತ್ ಹೇರಿಂಗ್, ಜಾನ್ ಮಿಷೆಲ್ ಬಾಸ್ಕಿಯಾ ಅಂತಹವರ ಪ್ರದರ್ಶನಗಳು ಅಲ್ಲಿ ನಡೆದವು. 1985ರಲ್ಲಿ ಅದು ಮುಚ್ಚಿತು. ಅಲ್ಲಿ ಪ್ರದರ್ಶಿಸಿದವರು ಜಗತ್ಪ್ರಸಿದ್ಧರಾದರು, ಪ್ರದರ್ಶಿಸಿದ ಜಾಗ ಉಳಿಯಲಿಲ್ಲ. ಅಲೆಜ್ಡ್‌ನ ಕಥೆಯೂ ಇದೇ ಹಾದಿ ಹಿಡಿಯಲಿತ್ತು.

ಅಲೆಜ್ಡ್‌ನಲ್ಲಿ ಸ್ಕೇಟ್‌ಬೋರ್ಡ್ ಹಲಗೆಗಳೇ ಗೋಡೆಗೇರಿದವು. ಹಲಗೆಗಳಿಗೆ, ಪಂಕ್ ಸಂಗೀತದ ತಂಡಗಳಿಗೆ, ಕೈಬರಹದ ಪುಟ್ಟ ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದವರು ಅಲ್ಲಿ ಕಲಾವಿದರೆನಿಸಿಕೊಂಡರು. ಪ್ರದರ್ಶನದ ಆರಂಭದ ದಿನ ಜನ ಒಳಗೆ ಹಿಡಿಸದೆ ಫುಟ್‌ಪಾತಿಗೆ ಚೆಲ್ಲುತ್ತಿದ್ದರು. ಅವರಲ್ಲಿ ಕೊಳ್ಳುವವರಿಗಿಂತ ಗೆಳೆಯರೇ ಹೆಚ್ಚು.

ಮೂವರು

ಅಲ್ಲಿಗೆ ಬಂದವರಲ್ಲಿ ಮಾರ್ಕ್ ಗೊನ್ಸಾಲೆಸ್‌ನ ಹೆಸರು ಮೊದಲು ಹೇಳಬೇಕು. 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈತ ಬೀದಿ ಸ್ಕೇಟಿಂಗ್‌ನ ಆದ್ಯರಲ್ಲೊಬ್ಬ. 1989ರಲ್ಲಿ ‘ಬ್ಲೈಂಡ್’ ಎಂಬ ಹಲಗೆ ಕಂಪೆನಿಯ ಹುಟ್ಟಿಗೆ ಕಾರಣನಾದ. ಆ ತಂಡಕ್ಕಾಗಿ 1991ರಲ್ಲಿ ‘ವಿಡಿಯೋ ಡೇಸ್’ ಚಿತ್ರ ತೆಗೆದ ಸ್ಪೈಕ್ ಜೋನ್ಸ್ ಮುಂದೆ ಹಾಲಿವುಡ್ಡಿನ ಹೆಸರಾಂತ ನಿರ್ದೇಶಕನಾದ. ಗೊನ್ಸಾಲೆಸ್ ಕೈಗೆ ಸಿಕ್ಕ ಕಾಗದದ ಮೇಲೆಲ್ಲ ಗೀಚುತ್ತಿದ್ದ, ಪುಟ್ಟ ಪುಸ್ತಕಗಳನ್ನು ಮಾಡಿ ಹಂಚುತ್ತಿದ್ದ. 1998ರಲ್ಲಿ ಜರ್ಮನಿಯ ಮೋನ್‌ಶೆನ್‌ಗ್ಲಾಡ್‌ಬಾಕ್ ನಗರದ ಮ್ಯೂಸಿಯಂನಲ್ಲಿ ಕತ್ತಿವರಸೆಯವರ ಬಿಳಿ ಉಡುಪು ತೊಟ್ಟು, ಶಿಲ್ಪ ಮತ್ತು ಚಿತ್ರಗಳ ನಡುವೆ ನರ್ತಿಸುವಂತೆ ಸ್ಕೇಟ್‌ಬೋರ್ಡ್ ಓಡಿಸಿದ. ಮ್ಯೂಸಿಯಂಗಳು ಕಾವಲುಗಾರನನ್ನಿಟ್ಟು ಹೊರದಬ್ಬುವ ಹುಡುಗನನ್ನು ಒಂದು ಮ್ಯೂಸಿಯಂ ತಾನಾಗಿ ಒಳಗೆ ಕರೆದಿತ್ತು.

ಎರಡನೆಯವನು ಎಡ್ ಟೆಂಪಲ್‌ಟನ್. ವೃತ್ತಿಪರ ಸ್ಕೇಟರ್, 1993ರಲ್ಲಿ ‘ಟಾಯ್ ಮಷೀನ್’ ಕಂಪೆನಿ ಕಟ್ಟಿ ಅದರ ಹಲಗೆಗಳಿಗೆ ತಾನೇ ಚಿತ್ರ ಬರೆದವನು. ಊರೂರು ಸುತ್ತುವಾಗ ಕ್ಯಾಮೆರಾ ಕೈಬಿಡಲಿಲ್ಲ. ಸಿಗರೇಟು ಸೇದುವ ಹದಿಹರೆಯದವರ ಚಿತ್ರಗಳನ್ನು ವರ್ಷಗಳ ಕಾಲ ತೆಗೆದು ‘ಟೀನೇಜ್ ಸ್ಮೋಕರ್ಸ್’ ಎಂಬ ಪುಸ್ತಕ ಮಾಡಿದ. ಅಮೆರಿಕದ ಉಪನಗರಗಳ ಸುಖೀ ಸಂಸಾರದ ಜಾಹೀರಾತುಗಳು ತೋರಿಸದ ಮುಖಗಳವು. ಬುದ್ಧಿವಾದ ಹೇಳುವ ಹಿರಿಯನ ಕಣ್ಣಿನಿಂದಾಗಲೀ ಬೆರಗಾದ ಹೊರಗಿನವನ ಕಣ್ಣಿನಿಂದಾಗಲೀ ಅವನು ನೋಡಲಿಲ್ಲ. ಅವರ ನಡುವೆ ಬೆಳೆದವನಾಗಿ ನೋಡಿದ.

ಮೂರನೆಯವಳು ಮಾರ್ಗರೆಟ್ ಕಿಲ್‌ಗ್ಯಾಲನ್. ಗಂಡುಹುಡುಗರೇ ತುಂಬಿದ್ದ ಈ ಲೋಕದಲ್ಲಿ ಅವಳ ಹೆಸರಿಗೆ ಬೇರೆಯೇ ತೂಕವಿದೆ. 1967ರಲ್ಲಿ ಹುಟ್ಟಿದ ಅವಳು ಸ್ಯಾನ್ ಫ್ರಾನ್ಸಿಸ್ಕೋ ಸಾರ್ವಜನಿಕ ಗ್ರಂಥಾಲಯದಲ್ಲಿ ಹಳೆಯ, ಹರಿದ ಪುಸ್ತಕಗಳನ್ನು ದುರಸ್ತಿ ಮಾಡುವ ಕೆಲಸದಲ್ಲಿದ್ದಳು. ಹಳೆಯ ಅಚ್ಚಿನ ಅಕ್ಷರಗಳು, ಅಂಗಡಿ ಬೋರ್ಡು ಬರೆಯುವವರ ಕುಂಚದ ಓಟ, ಗೂಡ್ಸ್ ರೈಲಿನ ಡಬ್ಬಿಗಳ ಮೇಲೆ ಅಲೆಮಾರಿ ಕಾರ್ಮಿಕರು ಬಿಟ್ಟುಹೋಗುತ್ತಿದ್ದ ಗುರುತುಗಳು ಇವೇ ಅವಳ ಪಾಠಶಾಲೆ. ಅವಳ ಗೋಡೆಚಿತ್ರಗಳಲ್ಲಿ ಹೆಂಗಸರು ನಡೆಯುತ್ತಾರೆ, ಅಲೆಯೇರುತ್ತಾರೆ, ಜಗಳಕ್ಕೂ ನಿಲ್ಲುತ್ತಾರೆ. ಬ್ಯಾಂಜೋ ವಾದಕಿ ಮಟೋಕಿ ಸ್ಲಾಟರ್, 1912ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಈಜುಗಾರ್ತಿ ಫ್ಯಾನಿ ಡುರಾಕ್ ಮುಂತಾದ, ಜನ ಮರೆತ ಹೆಂಗಸರನ್ನು ಅವಳು ಗೋಡೆಗೆ ತಂದಳು. ಚಿತ್ರದಲ್ಲಿ ಮುಖ್ಯರಾಗಲು ಹೆಂಗಸರು ಸುಂದರಿಯರಾಗಿರಬೇಕಿಲ್ಲ ಎಂಬುದು ಅವಳ ನಿಲುವಾಗಿತ್ತು.

ಅವಳು ಯಂತ್ರ ಬಳಸದೆ ಕೈಯಿಂದಲೇ ಗೆರೆ ಎಳೆಯುತ್ತಿದ್ದಳು. ದೂರದಿಂದ ನೇರವಾಗಿ ಕಾಣುವ ಗೆರೆ ಹತ್ತಿರ ಹೋದರೆ ತುಸು ನಡುಗಿರುತ್ತದೆ, ಚೆಲುವಿರುವುದು ಆ ನಡುಕದಲ್ಲೇ ಎಂದು ಅವಳು ಒಂದು ಸಂದರ್ಶನದಲ್ಲಿ ವಿವರಿಸಿದ್ದಳು. 2001ರ ಜೂನ್‌ನಲ್ಲಿ, ಮಗಳು ಹುಟ್ಟಿದ ಕೆಲವೇ ವಾರಗಳಲ್ಲಿ, ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವಳಿಗೆ 33 ವರ್ಷ. ಅವಳ ಪತಿ ಬ್ಯಾರಿ ಮೆಕ್‌ಗೀ ‘ಟ್ವಿಸ್ಟ್’ ಎಂಬ ಗುಪ್ತನಾಮದಲ್ಲಿ ಗೋಡೆಗಳ ಮೇಲೆ ಬರೆಯುತ್ತಿದ್ದವನು. ಬೀದಿಯಲ್ಲಿ ಮಲಗುವವರ ದಣಿದ ಮುಖಗಳನ್ನು ಖಾಲಿ ಮದ್ಯದ ಬಾಟಲಿಗಳ ಮೇಲೆ ಚಿತ್ರಿಸಿದ ಅವನ ಕೃತಿಗಳು ಅದೇ 2001ರಲ್ಲಿ ವೆನಿಸ್ ಬಿಯೆನಾಲೆಯಲ್ಲಿದ್ದವು. ಒಂದು ಕಡೆ ಪೊಲೀಸರಿಗೆ ಬೇಕಾದವನು, ಇನ್ನೊಂದು ಕಡೆ ಜಗತ್ತಿನ ಅತಿ ಪ್ರತಿಷ್ಠಿತ ಕಲಾಮೇಳದ ಅತಿಥಿ.

ಬೀದಿಯನ್ನು ತೊಳೆದವರು

ಈ ವಿರೋಧಾಭಾಸ ಆ ದಶಕದ ನಗರ ರಾಜಕೀಯದ ಫಲ. 1994ರಲ್ಲಿ ನ್ಯೂಯಾರ್ಕಿನ ಮೇಯರ್ ಆದ ರುಡಾಲ್ಫ್ ಜಿಯುಲಿಯಾನಿ ಸಣ್ಣ ತಪ್ಪುಗಳನ್ನೂ ಬಿಡದೆ ಹಿಡಿಯುವ ಪೊಲೀಸ್ ನೀತಿಗೆ ಹೆಸರಾದರು. ಗೋಡೆಬರಹದ ವಿರುದ್ಧ 1995ರಲ್ಲಿ ವಿಶೇಷ ಕಾರ್ಯಪಡೆಯೂ ಬಂತು. ಬೀದಿ ಸ್ವಚ್ಛವಾಯಿತು, ಅಪರಾಧ ಇಳಿಯಿತು, ಜೊತೆಗೆ ಬಾಡಿಗೆ ಏರಿತು. ಅಗ್ಗದ ಕೋಣೆ ಹುಡುಕಿ ಬಂದ ಕಲಾವಿದರ ಹಿಂದೆ ಕಾಫಿ ಅಂಗಡಿ ಬಂತು, ಅದರ ಹಿಂದೆ ಹೊಸ ಬಟ್ಟೆ ಅಂಗಡಿ, ಅದರ ಹಿಂದೆ ರಿಯಲ್ ಎಸ್ಟೇಟ್. ಕೊನೆಗೆ ಹೊರಬಿದ್ದವರು ಅಲ್ಲಿನ ಹಳೆಯ ಬಡ ನಿವಾಸಿಗಳು, ಆಮೇಲೆ ಕಲಾವಿದರು. ಹೀಗೆ ನೋಡಿದರೆ ಗ್ಯಾಲರಿಗಳು ಈ ಬದಲಾವಣೆಗೆ ಬಲಿಯಾದವು ಎಂದಷ್ಟೇ ಹೇಳಿದರೆ ಅರ್ಧಸತ್ಯ. ತಿಳಿದೋ ತಿಳಿಯದೆಯೋ ಅವು ಅದರ ಮುಂದಾಳುಗಳೂ ಆಗಿದ್ದವು. ಆ ಬೀದಿಯಲ್ಲಿ ತಲೆಮಾರುಗಳಿಂದ ಬದುಕಿದ್ದ ವಲಸಿಗ ಕುಟುಂಬಗಳ ಮುಖ ಈ ಗ್ಯಾಲರಿಯ ಗೋಡೆಗಳಲ್ಲಿ ಎಷ್ಟು ಕಂಡಿತು ಎಂಬ ಪ್ರಶ್ನೆಯನ್ನೂ ಕೇಳಲೇಬೇಕು. ಅಲೆಜ್ಡ್ ಕೊನೆಯ ವರ್ಷಗಳಲ್ಲಿ ಲಡ್ಲೋ ಬೀದಿಯಿಂದ ಬೇರೆಡೆಗೆ ಸರಿದು, 2002ರಲ್ಲಿ ಮುಚ್ಚಿತು.

ಅದೇ 2002ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ನೆನೆಯಬೇಕು. ಆ ಊರಿನ ‘ಲವ್ ಪಾರ್ಕ್’ ಎಂಬ ಗ್ರಾನೈಟ್ ಚೌಕ ಜಗತ್ತಿನ ಸ್ಕೇಟರ್‌ಗಳ ತೀರ್ಥಕ್ಷೇತ್ರದಂತಿತ್ತು. ನಗರಸಭೆ ಅಲ್ಲಿ ಸ್ಕೇಟಿಂಗ್ ನಿಷೇಧಿಸಿತು. ವಿಚಿತ್ರವೆಂದರೆ ಅದೇ ನಗರ 2001 ಮತ್ತು 2002ರಲ್ಲಿ ಟಿವಿ ವಾಹಿನಿಯ ‘ಎಕ್ಸ್ ಗೇಮ್ಸ್’ ಪಂದ್ಯಾವಳಿಯನ್ನು ಕರೆತಂದು ಸ್ಕೇಟ್‌ಬೋರ್ಡಿನಿಂದಲೇ ಆದಾಯ ಮಾಡಿಕೊಂಡಿತ್ತು. ಆ ಚೌಕದ ಕಲ್ಪನೆಯನ್ನು ಮೊದಲು ಮಾಡಿದವರು ನಗರ ಯೋಜಕ ಎಡ್ಮಂಡ್ ಬೇಕನ್. ಆಗ ಅವರಿಗೆ 92 ವರ್ಷ. ಅಕ್ಟೋಬರ್ ಕೊನೆಯ ಒಂದು ದಿನ ಆ ವೃದ್ಧರು ತಲೆಗೆ ಹೆಲ್ಮೆಟ್ ಹಾಕಿ, ಎರಡೂ ಕಡೆ ಆಸರೆ ಪಡೆದು, ತಾವೇ ಕನಸಿದ ಚೌಕದಲ್ಲಿ ಸ್ಕೇಟ್‌ಬೋರ್ಡ್ ಏರಿ ಕಾನೂನು ಮುರಿದರು. ತಾನು ಯೋಜಿಸಿದ ಜಾಗಕ್ಕೆ ತಾನೆಣಿಸದ ಉಪಯೋಗ ಕಂಡುಕೊಂಡ ಹುಡುಗರ ಪರವಾಗಿ ಒಬ್ಬ ಯೋಜಕ ನಿಂತ ಇಂತಹ ನಿದರ್ಶನ ಅಪರೂಪ. ನಗರಸಭೆ ಮಾತ್ರ ಮಣಿಯಲಿಲ್ಲ. 2004ರಲ್ಲಿ ಒಂದು ಶೂ ಕಂಪೆನಿ ಚೌಕದ ನಿರ್ವಹಣೆಗೆ 10 ಲಕ್ಷ ಡಾಲರ್ ಕೊಡಲು ಮುಂದೆ ಬಂದರೂ ಒಪ್ಪಲಿಲ್ಲ.

ಸೋತವರ ಬೆಲೆ

ಗ್ಯಾಲರಿ ಮುಚ್ಚಿದ ಎರಡು ವರ್ಷಗಳಲ್ಲಿ ಅದರ ಗೆಳೆಯರ ಬಳಗ ಮ್ಯೂಸಿಯಂ ಸೇರಿತು. ಆರನ್ ರೋಸ್ ಮತ್ತು ಕ್ರಿಶ್ಚಿಯನ್ ಸ್ಟ್ರೈಕ್ ಸಂಯೋಜಿಸಿದ ‘ಬ್ಯೂಟಿಫುಲ್ ಲೂಸರ್ಸ್’ ಪ್ರದರ್ಶನ 2004ರಲ್ಲಿ ಸಿನ್ಸಿನಾಟಿಯಲ್ಲಿ ಆರಂಭವಾಗಿ ಸ್ಯಾನ್ ಫ್ರಾನ್ಸಿಸ್ಕೋ ಮೊದಲಾದ ಕಡೆ ಸುತ್ತಿತು. 2008ರಲ್ಲಿ ಅದೇ ಹೆಸರಿನ ಸಾಕ್ಷ್ಯಚಿತ್ರ ಬಂತು. ‘ಚೆಲುವಾಗಿ ಸೋತವರು’ ಎಂಬ ಅರ್ಥದ ಆ ಹೆಸರು ಹೊತ್ತವರಲ್ಲಿ ಕೆಲವರು ಅಷ್ಟರಲ್ಲಿ ಗೆದ್ದಾಗಿತ್ತು. ಸ್ಕೇಟ್‌ಬೋರ್ಡ್ ಅಂಗಡಿಯಲ್ಲಿ ಕೆಲಸ ಮಾಡುತ್ತಾ 1989ರಲ್ಲಿ ಸ್ಟಿಕರ್ ಅಂಟಿಸಲು ಆರಂಭಿಸಿದ್ದ ಶೆಪರ್ಡ್ ಫೇರಿ 2008ರಲ್ಲಿ ಬರಾಕ್ ಒಬಾಮರ ‘ಹೋಪ್’ ಪೋಸ್ಟರ್ ಬರೆದ. ಮೈಕ್ ಮಿಲ್ಸ್ ಚಲನಚಿತ್ರ ನಿರ್ದೇಶಕನಾಗಿ ಹೆಸರು ಮಾಡಿದ.

ಹಣದ ಕಥೆ ಇನ್ನೂ ರೋಚಕ. ಅಲೆಜ್ಡ್‌ನಿಂದ ನಡೆದು ಹೋಗುವಷ್ಟು ದೂರದ ಲಫಾಯೆಟ್ ಬೀದಿಯಲ್ಲಿ 1994ರಲ್ಲಿ ‘ಸುಪ್ರೀಮ್’ ಎಂಬ ಸ್ಕೇಟ್‌ಬೋರ್ಡ್ ಅಂಗಡಿ ತೆರೆಯಿತು. ಅದೇ ಹುಡುಗರು, ಅದೇ ಬೀದಿಗಳು. ಅಂಗಡಿ ಕಲಾವಿದರಿಂದ ಹಲಗೆಗಳಿಗೆ ಚಿತ್ರ ಬರೆಸಿತು, ಅಂಗಿ ಮಾರಿತು. 2019ರಲ್ಲಿ ಅದರ 248 ಹಲಗೆಗಳ ಸಂಗ್ರಹ ಸದಬೀಸ್ ಹರಾಜಿನಲ್ಲಿ 8 ಲಕ್ಷ ಡಾಲರಿಗೆ ಹೋಯಿತು. 2020ರಲ್ಲಿ ಇಡೀ ಕಂಪೆನಿಯನ್ನು ಒಂದು ಬೃಹತ್ ಉಡುಪು ಸಂಸ್ಥೆ 210 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು. 2024ರಲ್ಲಿ ಅದು 150 ಕೋಟಿ ಡಾಲರಿಗೆ ಕನ್ನಡಕ ತಯಾರಿಸುವ ಇನ್ನೊಂದು ಸಂಸ್ಥೆಯ ಕೈಸೇರಿತು. ಹರಾಜಿಗೆ ಬಂದ ಆ ಹಲಗೆಗಳಿಗೆ ಅಷ್ಟು ಬೆಲೆ ಬಂದದ್ದು ಅವುಗಳ ಮೇಲೆ ಯಾರೂ ಕಾಲಿಡದ್ದರಿಂದ. ಸವೆಯಲೆಂದು ಹುಟ್ಟಿದ ಚಿತ್ರ ಸವೆಯದಿದ್ದುದಕ್ಕೇ ಸರಕಾಯಿತು.

ಮಾರುಕಟ್ಟೆ ಬಂಡಾಯವನ್ನು ಹೊಡೆದುರುಳಿಸುವುದಕ್ಕಿಂತ ಕೊಂಡುಕೊಳ್ಳುವುದನ್ನೇ ಇಷ್ಟಪಡುತ್ತದೆ ಎಂಬುದು ಹಳೆಯ ಮಾತು. ಆದರೆ ಕಲಾವಿದರನ್ನು ಇದಕ್ಕಾಗಿ ದೂರುವುದು ಸುಲಭದ ಕೆಲಸ. ಬಾಡಿಗೆ, ಔಷಧಿ, ಮಕ್ಕಳ ಫೀಸು ಅವರಿಗೂ ಇವೆ. ಬಡವನಾಗಿದ್ದರೆ ಮಾತ್ರ ಕಲಾವಿದ ಪ್ರಾಮಾಣಿಕ ಎನ್ನುವುದು ಹೊಟ್ಟೆ ತುಂಬಿದವರ ವಾದ. ಕೇಳಬೇಕಾದ ಪ್ರಶ್ನೆ ಬೇರೆ. ಯಾರೂ ನಂಬದಿದ್ದಾಗ ಆ ಕಲಾವಿದರಿಗೆ ಗೋಡೆ ಕೊಟ್ಟ ಕೋಣೆಗೆ ಈ ಕೋಟಿಗಳಲ್ಲಿ ಒಂದು ಪಾಲಾದರೂ ಹಿಂದಿರುಗುವ ವ್ಯವಸ್ಥೆ ಯಾಕಿಲ್ಲ? ಬೀಜ ಮೊಳೆತ ಗದ್ದೆ ಹಡಿಲು ಬಿದ್ದು, ಫಸಲು ಮಾತ್ರ ದೂರದ ಗೋದಾಮಿಗೆ ಸೇರುವ ಲೆಕ್ಕ ಇದು.

ಈ ಆಟ ಈಗ ನಮ್ಮ ಕಡೆಗೂ ಬಂದಿದೆ. 2013ರಲ್ಲಿ ಬೆಂಗಳೂರಿನಲ್ಲಿ ‘ಹೋಲಿಸ್ಟೋಕ್ಡ್’ ಎಂಬ ಯುವಕರ ತಂಡ ಒಂದು ಸ್ಕೇಟ್ ಪಾರ್ಕ್ ಕಟ್ಟಿತು. ಹಣದ ನೆರವು ಕೊಟ್ಟದ್ದು ಒಂದು ಜೀನ್ಸ್ ಕಂಪೆನಿ. ಕಾಂಕ್ರೀಟಿಗೆ ಇಳಿದವರು ಆಡುವ ಹುಡುಗರೇ. ಟೋಕಿಯೋ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ಸ್ಕೇಟ್‌ಬೋರ್ಡಿಂಗ್ ಮೊದಲ ಬಾರಿಗೆ ಪದಕದ ಕ್ರೀಡೆಯೂ ಆಯಿತು. ಬೇಲಿ ಹಾರಿ ಆಡಿದ ಆಟಕ್ಕೆ ಈಗ ರಾಷ್ಟ್ರಗೀತೆಯ ಗೌರವ.

ಆದರೂ ಅಲೆಜ್ಡ್‌ನ ಹತ್ತು ವರ್ಷಗಳಿಂದ ಕಲಿಯಬೇಕಾದದ್ದು ಪದಕದ ವಿಷಯವಲ್ಲ. ಹಣ, ಪದವಿ, ಪರಿಚಯ ಇಲ್ಲದ ಒಬ್ಬ ಯುವಕ ಒಂದು ಕೋಣೆ ಹಿಡಿದು ‘ಇಲ್ಲಿ ತಂದು ತೂಗುಹಾಕಿ’ ಎಂದು ತನ್ನಂತಹವರಿಗೆ ಹೇಳಲು ಒಂದು ನಗರದಲ್ಲಿ ಜಾಗವಿರಬೇಕು. ಅಂತಹ ಜಾಗ ಬಾಳುವುದು ಕಡಿಮೆ, ಆದರೆ ಅದು ಇದ್ದಷ್ಟು ದಿನ ಮಾಡುವ ಕೆಲಸವನ್ನು ದೊಡ್ಡ ಸಂಸ್ಥೆಗಳು ಇಪ್ಪತ್ತು ವರ್ಷ ತಡವಾಗಿ ಮಾಡುತ್ತವೆ. ನಮ್ಮ ನಗರಗಳು ಬೆಳೆಯುತ್ತಿರುವ ರೀತಿ ನೋಡಿದರೆ ಮಾಲುಗಳಿಗೆ ಎಕರೆಗಟ್ಟಲೆ ಜಾಗವಿದೆ, ಇಂತಹ ಕೋಣೆಗಳಿಗೆ ಹತ್ತಡಿ ಅಗಲದ ಜಾಗವೂ ಕಷ್ಟ. 2019ರಲ್ಲಿ ಕೊಲರಾಡೊದ ಆಸ್ಪೆನ್ ಮ್ಯೂಸಿಯಂ ಮಾರ್ಗರೆಟ್ ಕಿಲ್‌ಗ್ಯಾಲನ್‌ಳ ದೊಡ್ಡ ಪ್ರದರ್ಶನ ನಡೆಸಿತು. ನಡುಗುವ ಗೆರೆಯ ಬಗ್ಗೆ ಅವಳಾಡಿದ ಮಾತನ್ನೇ ಪ್ರದರ್ಶನದ ಹೆಸರಾಗಿಸಿತು. ಅವಳು ತೀರಿಕೊಂಡು ಆಗ ಹದಿನೆಂಟು ವರ್ಷವಾಗಿತ್ತು.